ಆಸರೆ ಮತ್ತು ಕಾವಲು: ಮಕ್ಕಳ ಪಾಲನೆಯಲ್ಲಿ ವ್ಯಕ್ತಿ ಹಾಗೂ ಸಮುದಾಯ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಅನುಲಕ್ಷಿಸಿ)

1. ಪೀಠಿಕೆ

ಹಳ್ಳಿಯ ಅರಳಿಕಟ್ಟೆಯ ಮುಂದೆ ಗುರುತಿಲ್ಲದ ಹುಡುಗನೊಬ್ಬ ಹಾದುಹೋದರೆ ಅವನಿಗೆ ಎದುರಾಗುವ ಮೊದಲ ಪ್ರಶ್ನೆ 'ನಿನ್ನ ಹೆಸರೇನು?' ಎಂಬುದಲ್ಲ, 'ಯಾರ ಮಗನೋ ನೀನು?' ಎಂಬುದು. ಹುಡುಗ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಹೇಳಿದೊಡನೆ ಕೇಳಿದವರಿಗೆ ಅವನ ಅಜ್ಜ, ಅವನ ಕೇರಿ, ಅವನ ತಾಯಿಯ ತವರು ಎಲ್ಲವೂ ತಿಳಿದುಬಿಡುತ್ತವೆ. ಆ ಬಳಿಕ ಎರಡು ಸಂಗತಿಗಳು ನಡೆಯಬಹುದು. ಹುಡುಗ ಹಸಿದಿದ್ದರೆ ಕೇಳಿದವರು ಅವನನ್ನು ಮನೆಗೆ ಕರೆದು ಉಣಬಡಿಸಬಹುದು. ಅವನು ಶಾಲೆ ತಪ್ಪಿಸಿ ಅಲೆಯುತ್ತಿದ್ದರೆ ಸಂಜೆಯೊಳಗೆ ಅವನ ಮನೆಗೆ ಸುದ್ದಿ ಮುಟ್ಟಿಸಲೂಬಹುದು. ಒಂದೇ ಪ್ರಶ್ನೆಯೊಳಗೆ ಆಸರೆಯೂ ಇದೆ, ಕಾವಲೂ ಇದೆ.

ಮಕ್ಕಳ ಪಾಲನೆಯನ್ನು ಕುರಿತ ಚರ್ಚೆಗಳಲ್ಲಿ ಪಶ್ಚಿಮದ್ದು ವ್ಯಕ್ತಿವಾದ, ಭಾರತದ್ದು ಸಮುದಾಯನಿಷ್ಠೆ ಎಂಬ ಸರಳ ವಿಭಜನೆಯೊಂದು ಬಹುಕಾಲದಿಂದ ರೂಢಿಯಲ್ಲಿದೆ. ಇದನ್ನು ಒಪ್ಪಿದವರಲ್ಲಿ ಕೆಲವರು ಕೂಡುಕುಟುಂಬದ ಅಳಿವಿಗಾಗಿ ಮರುಗುತ್ತಾರೆ; ಇನ್ನು ಕೆಲವರು ವ್ಯಕ್ತಿಸ್ವಾತಂತ್ರ್ಯದ ಉದಯವೆಂದು ಅದನ್ನು ಸ್ವಾಗತಿಸುತ್ತಾರೆ. ಸಮುದಾಯವೆಂಬುದು ಅಖಂಡವಾದ ಒಂದೇ ವಸ್ತುವಲ್ಲವೆಂಬುದನ್ನು ಈ ಎರಡೂ ನಿಲುವುಗಳು ಗಮನಿಸುವುದಿಲ್ಲ. ಅದಕ್ಕೆ ಕನಿಷ್ಠ ಎರಡು ಕಾರ್ಯಗಳಿವೆ: ಮಗುವಿಗೆ ಆಸರೆಯಾಗುವುದು ಮತ್ತು ಮಗುವನ್ನು ಕಾಯುವುದು. ಇವೆರಡೂ ಜೊತೆಯಾಗಿ ಇರಬೇಕೆಂಬ ನಿಯಮವೇನಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಬದುಕನ್ನು ಮುಂದಿಟ್ಟುಕೊಂಡು, ಆಸರೆ ಸಡಿಲಗೊಂಡು ಕಾವಲು ಮಾತ್ರ ಉಳಿದಾಗ ಮಗುವಿನ ಸ್ಥಿತಿ ಏನಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2. ಪರಿಕಲ್ಪನೆಗಳ ಹಿನ್ನೆಲೆ

'ವ್ಯಕ್ತಿ' ಎಂಬ ಸಂಸ್ಕೃತ ಮೂಲದ ಪದಕ್ಕೆ ಹೊರತೋರಿದುದು, ಪ್ರಕಟವಾದುದು ಎಂಬ ಅರ್ಥವಿದೆ. ಅದಕ್ಕೆ ಸಂವಾದಿಯಾದ ಇಂಗ್ಲಿಷಿನ 'ಇಂಡಿವಿಜುಯಲ್' ಪದವು ಲ್ಯಾಟಿನ್ನಿನಿಂದ ಬಂದುದು. ಅದರ ಮೂಲಾರ್ಥ ಇನ್ನು ಒಡೆಯಲಾಗದ್ದು ಎಂದು. ಒಂದು ಪದವು ಯಾವುದರಿಂದಲೋ ಹೊರಹೊಮ್ಮಿದ್ದನ್ನು ಸೂಚಿಸಿದರೆ ಮತ್ತೊಂದು ಪದವು ತನ್ನಷ್ಟಕ್ಕೆ ಪೂರ್ಣವಾದ ಘಟಕವನ್ನು ಸೂಚಿಸುತ್ತದೆ. ಕನ್ನಡದಲ್ಲಿ ಇವೆರಡನ್ನೂ ಸಮಾನಾರ್ಥಕಗಳಾಗಿ ಬಳಸುವಾಗ ಈ ಅಂತರ ಮರೆಯಾಗುತ್ತದೆ.

ವ್ಯಕ್ತಿವಾದವನ್ನು ಒಂದು ಸಾಮಾಜಿಕ ಪ್ರವೃತ್ತಿಯಾಗಿ ಗುರುತಿಸಿ ವಿವರಿಸಿದವರಲ್ಲಿ ಫ್ರಾನ್ಸಿನ ಅಲೆಕ್ಸಿ ದ ತೊಕ್ವಿಲ್ ಪ್ರಮುಖ. ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತ ತನ್ನ ಗ್ರಂಥದ 1840ರ ಸಂಪುಟದಲ್ಲಿ ಆತ ಅದನ್ನು ಸ್ವಾರ್ಥದಿಂದ ಬೇರ್ಪಡಿಸಿದನು. ಪ್ರಜೆಯೊಬ್ಬ ತನ್ನ ಕುಟುಂಬ ಮತ್ತು ಗೆಳೆಯರ ಚಿಕ್ಕ ವಲಯಕ್ಕೆ ಸರಿದು, ಉಳಿದ ಸಮಾಜವನ್ನು ಅದರ ಪಾಡಿಗೆ ಬಿಟ್ಟುಬಿಡುವ ಶಾಂತವಾದ ಮನೋಭಾವವೇ ವ್ಯಕ್ತಿವಾದವೆಂಬುದು ಆತನ ವಿವರಣೆಯ ಸಾರ. ಈ ವಿವರಣೆಯಂತೆ ಒಂಟಿಯಾಗಿರುವವನು ಮಾತ್ರವೇ ವ್ಯಕ್ತಿವಾದಿಯಲ್ಲ; ಊರಿನ ಹಂಗು ತೊರೆದು ತನ್ನ ಮನೆಯ ಗೇಟಿನೊಳಗೆ ಸೇರಿಕೊಂಡ ಕುಟುಂಬವೂ ವ್ಯಕ್ತಿವಾದಿಯೇ. ಕುಟುಂಬದ ಮೌಲ್ಯವೆಂದು ನಮ್ಮಲ್ಲಿ ಕೊಂಡಾಡುವುದೆಲ್ಲವೂ ಸಮುದಾಯದ ಮೌಲ್ಯವಾಗಿರಬೇಕಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭೇದವನ್ನು ಅಂಕಿಗಳಲ್ಲಿ ಅಳೆಯುವ ಯತ್ನಗಳು ನಡೆದವು. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಬಹುರಾಷ್ಟ್ರೀಯ ಕಂಪನಿಯೊಂದರ ನೌಕರರ ಸಮೀಕ್ಷೆಯನ್ನು ಆಧರಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಕ್ತಿವಾದದ ಸೂಚ್ಯಂಕ ಅಮೆರಿಕಕ್ಕೆ 91, ಭಾರತಕ್ಕೆ 48. ಅಂದರೆ ಭಾರತ ಮಾಪಕದ ಇನ್ನೊಂದು ತುದಿಯಲ್ಲಿಲ್ಲ, ನಡುವೆ ಇದೆ. ಕಂಪನಿಯ ನೌಕರರಿಂದ ದೊರೆತ ಅಂಕಿ ಹಳ್ಳಿಯ ಮಗುವಿನ ಬಗ್ಗೆ ಹೆಚ್ಚೇನನ್ನೂ ಹೇಳಲಾರದಾದರೂ ಪೂರ್ವ–ಪಶ್ಚಿಮ ಎಂಬ ಕಡು ವಿಭಜನೆಯನ್ನು ಅದು ಸಮರ್ಥಿಸುವುದಿಲ್ಲ.

ಮಕ್ಕಳ ಪಾಲನೆಯ ದೃಷ್ಟಿಯಿಂದ ಹೆಚ್ಚು ಉಪಯುಕ್ತವಾದುದು ಬಿಯಾಟ್ರಿಸ್ ವೈಟಿಂಗ್ ಮತ್ತು ಜಾನ್ ವೈಟಿಂಗ್ ನೇತೃತ್ವದ ಆರು ಸಂಸ್ಕೃತಿಗಳ ಅಧ್ಯಯನ. ಕೀನ್ಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಓಕಿನಾವ, ಅಮೆರಿಕದ ನ್ಯೂ ಇಂಗ್ಲೆಂಡ್ ಹಾಗೂ ಉತ್ತರ ಭಾರತದ ಖಲಾಪುರ ಇದರ ಕ್ಷೇತ್ರಗಳು. 1975ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇತರರಿಗೆ ನೆರವಾಗುವ, ಹೊಣೆ ಹೊರುವ ನಡವಳಿಕೆ ಹೆಚ್ಚಾಗಿ ಕಂಡದ್ದು ಕೀನ್ಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್‌ಗಳ ಮಕ್ಕಳಲ್ಲಿ. ಕೂಡುಕುಟುಂಬದಲ್ಲಿ ಬೆಳೆದ ಖಲಾಪುರದ ಮಕ್ಕಳು ಈ ಒಂದು ಲಕ್ಷಣದಲ್ಲಿ ಅಮೆರಿಕದ ಮಕ್ಕಳ ಸಾಲಿಗೇ ಸೇರಿದರು. ಮಕ್ಕಳ ಪಾಲಿಗೆ ನಿಜವಾದ ಮನೆಗೆಲಸವಿದೆಯೇ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವುದು, ದನ ಕಾಯುವುದು, ಸೌದೆ ನೀರು ತರುವುದು ಅವರ ಹೊಣೆಯಾಗಿದೆಯೇ ಎಂಬುದು ಇಲ್ಲಿ ಮುಖ್ಯವಾಗಿತ್ತು. ಒಂದೇ ಸೂರಿನಡಿ ಹೆಚ್ಚು ಜನರಿದ್ದಾರೆಂದ ಮಾತ್ರಕ್ಕೆ ಮಗುವಿನಲ್ಲಿ ಸಮುದಾಯಪ್ರಜ್ಞೆ ಬೆಳೆಯುವುದಿಲ್ಲ. ಕೂಡಿ ದುಡಿಯುವ ಅನುಭವ ಅದಕ್ಕೆ ಬೇಕು.

3. ನುಡಿಯೊಳಗಿನ ಸಮುದಾಯ

ಕನ್ನಡದ ಬಂಧುತ್ವವಾಚಕಗಳು ಪಾಲನೆಯ ಒಂದು ವ್ಯವಸ್ಥೆಯನ್ನೇ ಅಡಗಿಸಿಕೊಂಡಿವೆ. ತಂದೆಯ ಅಣ್ಣ 'ದೊಡ್ಡಪ್ಪ', ತಮ್ಮ 'ಚಿಕ್ಕಪ್ಪ'. ತಾಯಿಯ ಅಕ್ಕ 'ದೊಡ್ಡಮ್ಮ', ತಂಗಿ 'ಚಿಕ್ಕಮ್ಮ'. ಈ ಪದಗಳಲ್ಲಿ ಅಪ್ಪ ಅಮ್ಮ ಎಂಬುವೇ ಮೂಲ. ದೊಡ್ಡ ಚಿಕ್ಕ ಎಂಬುವು ವಿಶೇಷಣಗಳು ಮಾತ್ರ. ಅವರ ಮಕ್ಕಳು ಮಗುವಿಗೆ ಅಣ್ಣ, ತಮ್ಮ, ಅಕ್ಕ, ತಂಗಿಯರೇ. ಇದಕ್ಕೆ ಎದುರಾಗಿ ತಾಯಿಯ ಸೋದರ 'ಮಾವ'ನಾಗುತ್ತಾನೆ, ತಂದೆಯ ಸೋದರಿ 'ಅತ್ತೆ'ಯಾಗುತ್ತಾಳೆ. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಗೂ ಜವಳದ ವೇಳೆ ಮುಂದೆ ನಿಲ್ಲುವ ಸೋದರಮಾವನಿಗೂ ಬೇರೆ ಬೇರೆ ಹೊಣೆಗಳಿವೆ. ಈ ಎಲ್ಲ ಸ್ಥಾನಗಳ ಮೇಲೆ ಇಂದು 'ಅಂಕಲ್', 'ಆಂಟಿ' ಎಂಬ ಎರಡೇ ಪದಗಳು ಹರಡಿಕೊಳ್ಳುತ್ತಿವೆ. ಅಳಿಯುತ್ತಿರುವುದು ಪದಗಳಷ್ಟೇ ಅಲ್ಲ, ಯಾರು ಮಗುವಿಗೆ ಏನನ್ನು ಮಾಡಬೇಕೆಂಬ ತಿಳಿವಳಿಕೆಯೂ ಹೌದು.

ಸರ್ವನಾಮದ ಬಳಕೆಯೂ ಗಮನಾರ್ಹ. ಒಬ್ಬನೇ ಮಗನಾದವನೂ ಕನ್ನಡದಲ್ಲಿ ಸಹಜವಾಗಿ 'ನಮ್ಮಪ್ಪ', 'ನಮ್ಮ ಮನೆ' ಎನ್ನುತ್ತಾನೆ. ತೆಲುಗಿನಲ್ಲಿ ಕೇಳುಗನನ್ನು ಒಳಗೊಳ್ಳುವ 'ಮನಮು' ಮತ್ತು ಹೊರಗಿಡುವ 'ಮೇಮು' ಎಂಬ ಎರಡು ರೂಪಗಳಿವೆ. ತಮಿಳಿನಲ್ಲಿಯೂ ಇಂಥ ಭೇದವಿದೆ. ಇಂದಿನ ಕನ್ನಡದ 'ನಾವು' ಎರಡು ಕೆಲಸವನ್ನೂ ಮಾಡುತ್ತದೆ. ಹಿರಿಯರು 'ನಾವು ಹೀಗೆ ತೀರ್ಮಾನಿಸಿದ್ದೇವೆ' ಎಂದಾಗ ಆ 'ನಾವು' ಎಂಬುದರಲ್ಲಿ ತಾನೂ ಸೇರಿದ್ದೇನೆಯೇ ಇಲ್ಲವೇ ಎಂಬುದನ್ನು ಮಗು ಸಂದರ್ಭದಿಂದಲೇ ಊಹಿಸಿಕೊಳ್ಳಬೇಕು. ಪಾಲನೆಯ ಅನೇಕ ಬಿಕ್ಕಟ್ಟುಗಳು ಹುಟ್ಟುವುದು ಈ ಊಹೆಯಲ್ಲಿಯೇ.

4. ನಾಲ್ಕು ನೆಲೆಗಳು

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಒಂದೇ ಜಿಲ್ಲೆಯೊಳಗಿದ್ದರೂ ಇವುಗಳ ನೆಲ, ನೀರು, ದುಡಿಮೆಗಳು ಬೇರೆ ಬೇರೆಯಾಗಿರುವುದರಿಂದ ಮಗುವನ್ನು ಸುತ್ತುವರಿದ ಸಮುದಾಯದ ಸ್ವರೂಪವೂ ಬೇರೆಯಾಗಿದೆ.

ಚನ್ನಗಿರಿ ಇಂದು ಅಡಿಕೆಯ ಸೀಮೆ. ಅಡಿಕೆ ಸುಲಿತದ ದಿನಗಳಲ್ಲಿ ನೆರೆಹೊರೆಯ ಹೆಂಗಸರು ಒಂದೆಡೆ ಕುಳಿತು ಸುಲಿಯುತ್ತಿದ್ದಾಗ ಮಕ್ಕಳು ಅವರ ನಡುವೆಯೇ ಕಥೆ ಕೇಳುತ್ತ, ಕೈಲಾದುದನ್ನು ಮಾಡುತ್ತ ಬೆಳೆಯುತ್ತಿದ್ದರು. ಈಗ ಸುಲಿಯುವ ಯಂತ್ರಗಳು ಬಂದಿವೆ. ತೋಟದ ಫಸಲನ್ನು ಖೇಣಿದಾರರಿಗೆ ವಹಿಸಿಕೊಡುವ ಪದ್ಧತಿಯೂ ಬಳಕೆಯಲ್ಲಿದೆ. ಖೇಣಿ ಕೊಟ್ಟ ಮನೆಯ ಮಗುವಿಗೆ ತೋಟವೆಂಬುದು ಹಣ ಬರುವ ಮೂಲವೇ ಹೊರತು ದುಡಿಮೆಯ ಸ್ಥಳವಲ್ಲ. ವರಮಾನ ಹೆಚ್ಚಿದಂತೆ ಮಗು ನಗರದ ವಸತಿಶಾಲೆಗೆ ಹೋಗುತ್ತದೆ. ತೊಕ್ವಿಲ್ ವಿವರಿಸಿದ ವ್ಯಕ್ತಿವಾದ ಇಲ್ಲಿ ಪಶ್ಚಿಮದ ಅನುಕರಣೆಯಿಂದ ಬಂದುದಲ್ಲ. ಬೆಳೆ ಮತ್ತು ಮಾರುಕಟ್ಟೆಯ ಬದಲಾವಣೆಯಿಂದ ಬಂದುದು.

ಇದೇ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯವು ವ್ಯಕ್ತಿ–ಸಮುದಾಯಗಳ ಸಂಬಂಧವನ್ನು ಬೇರೊಂದು ಬಗೆಯಲ್ಲಿ ನೋಡುತ್ತದೆ. ಹಲವು ಪಾಠಗಳಿರುವ ಈ ಐತಿಹ್ಯದಲ್ಲಿ ಮನೆತನದ ಮಿತಿಯನ್ನು ಮೀರಿ ತನ್ನ ಮನಸ್ಸಿನಂತೆ ನಡೆದ ಅರಸುಕುವರಿಯೊಬ್ಬಳು ಪ್ರಾಯಶ್ಚಿತ್ತವಾಗಿ ಕೆರೆಯನ್ನು ಕಟ್ಟಿಸುತ್ತಾಳೆ. ತಮ್ಮ ನೆಲೆಯನ್ನು ಬಿಟ್ಟುಕೊಟ್ಟ ಗಣಿಕೆಯರ ಹೆಸರು ಆ ಕೆರೆಗೆ ನಿಲ್ಲುತ್ತದೆ. ಊರು ತಪ್ಪೆಂದದ್ದರಿಂದ ಹುಟ್ಟಿದ ಕೆರೆಯ ನೀರನ್ನೇ ಊರು ಕುಡಿಯಬೇಕಾಯಿತೆಂಬ ಜನಪದ ವಿವೇಕ ಇದರಲ್ಲಿದೆ.

ಹೊನ್ನಾಳಿ ತುಂಗಭದ್ರೆಯ ದಂಡೆಯ ಸೀಮೆ. ಭತ್ತ ಇಲ್ಲಿನ ಮುಖ್ಯ ಬೆಳೆಗಳಲ್ಲೊಂದು. ನಾಟಿಯ ಕಾಲದಲ್ಲಿ ಹೆಂಗಸರು ಗುಂಪುಗೂಡಿ ಗದ್ದೆಗಿಳಿದಾಗ ಕೈಗೂಸುಗಳನ್ನು ನೋಡಿಕೊಳ್ಳುವವಳು ಮನೆಯ ದೊಡ್ಡ ಹುಡುಗಿ. 'ಅಕ್ಕ'ನ ಈ ಪಾಲನೆಯನ್ನು ಕೂಡುಬಾಳಿನ ಸೊಗಸಾಗಿ ವರ್ಣಿಸುವುದು ಸುಲಭ. ಆದರೆ ತಮ್ಮನನ್ನು ಸೊಂಟದ ಮೇಲೆ ಹೊತ್ತ ಹತ್ತು ವರ್ಷದ ಹುಡುಗಿ ಅಂದು ಶಾಲೆಗೆ ಹೋಗಿರುವುದಿಲ್ಲ. ವೈಟಿಂಗ್ ದಂಪತಿಗಳು ಗುರುತಿಸಿದ ಹೊಣೆಗಾರಿಕೆಯ ಗುಣ ಅವಳಲ್ಲಿ ಬೆಳೆಯುತ್ತದೆ ನಿಜ. ಅದರ ಬೆಲೆಯನ್ನು ತೆರುವವಳೂ ಅವಳೇ. ಸಮುದಾಯದ ಆಸರೆಯೆಂಬುದು ಆಕಾಶದಿಂದ ಇಳಿಯುವುದಿಲ್ಲ. ಯಾರದೋ ದುಡಿಮೆಯಿಂದ, ಬಹುಪಾಲು ಹೆಣ್ಣುಮಕ್ಕಳ ದುಡಿಮೆಯಿಂದ, ಅದು ನಡೆಯುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಬಂಜಾರ ಸಮುದಾಯದವರು ನಾಡಿನ ಹಲವೆಡೆಗಳಿಂದ ಇಲ್ಲಿಗೆ ಬರುತ್ತಾರೆ. ತಾಂಡಾದ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ನಾಯಕ, ಡಾವ, ಕಾರಭಾರಿ ಎಂಬ ಸ್ಥಾನಗಳಿವೆ. ತಮ್ಮವರನ್ನು 'ಗೋರ್' ಎಂದೂ ಹೊರಗಿನವರನ್ನು 'ಕೋರ್' ಎಂದೂ ಕರೆಯುವ ಭೇದವಿದೆ. ಮನೆಯಲ್ಲಿ ಗೋರ್‌ಬೋಲಿ, ಶಾಲೆಯಲ್ಲಿ ಕನ್ನಡ ಎಂಬ ಎರಡು ಲೋಕಗಳ ನಡುವೆ ತಾಂಡಾದ ಮಗು ಬೆಳೆಯುತ್ತದೆ. ಸುಗ್ಗಿ ಮುಗಿದು ದುಡಿಮೆ ಇಲ್ಲವಾದಾಗ ತಂದೆತಾಯಿಗಳು ಮಲೆನಾಡಿನ ಕಾಫಿ ತೋಟಗಳಿಗೋ ಕಬ್ಬಿನ ಕಟಾವಿಗೋ ಹೋಗುವ ಕುಟುಂಬಗಳಿವೆ. ಆಗ ಮಗುವಿನ ಮುಂದಿರುವುದು ಎರಡೇ ದಾರಿ: ಜೊತೆಗೆ ಹೋಗಿ ಶಾಲೆಯನ್ನು ಕಳೆದುಕೊಳ್ಳುವುದು, ಇಲ್ಲವೆ ಅಜ್ಜಿಯೊಡನೆ ಉಳಿದು ತಾಯಿಯನ್ನು ಕಳೆದುಕೊಳ್ಳುವುದು. ಇಂಥಲ್ಲಿ ಸಮುದಾಯ ಕುಸಿದಿದ್ದರೆ ಅದಕ್ಕೆ ಕಾರಣ ವ್ಯಕ್ತಿವಾದವಲ್ಲ, ಕೂಲಿ.

ಜಗಳೂರು ಮಳೆಯಾಶ್ರಿತ ಬಯಲುಸೀಮೆ. ಬರ ಇಲ್ಲಿನ ಬದುಕಿನ ನಿತ್ಯದ ಸಂಗತಿ. ತುಂಗಭದ್ರೆಯ ನೀರಿನಿಂದ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ಜನರು ಒಟ್ಟಾಗಿ ದನಿಯೆತ್ತಿದ್ದು ಸಮುದಾಯದ ಶಕ್ತಿ ಬತ್ತಿಲ್ಲವೆಂಬುದಕ್ಕೆ ಸಾಕ್ಷಿ. ಇದೇ ಸೀಮೆಯಲ್ಲಿ, ಹಾಗೆಯೇ ಚಿತ್ರದುರ್ಗ ತುಮಕೂರು ಜಿಲ್ಲೆಗಳಲ್ಲಿ, ಕಾಡುಗೊಲ್ಲರ ಹಟ್ಟಿಗಳಿವೆ. ಹಟ್ಟಿಯ ಒಗ್ಗಟ್ಟು, ಪಶುಪಾಲನೆಯ ಸಹಕಾರ, ಮೌಖಿಕ ಕಾವ್ಯದ ಸಂಪತ್ತು ಇವನ್ನು ಜಾನಪದ ವಿದ್ವಾಂಸರು ವಿಪುಲವಾಗಿ ದಾಖಲಿಸಿದ್ದಾರೆ. ಆದರೆ ಅದೇ ಕಟ್ಟುಪಾಡಿನೊಳಗೆ ಬಾಣಂತಿಯನ್ನೂ ಎಳೆಗೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಇರಿಸುವ ರೂಢಿಯೂ ಸೇರಿತ್ತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಎಳೆಗೂಸೊಂದು ಮೃತಪಟ್ಟದ್ದು ನಾಡಿನ ಗಮನ ಸೆಳೆಯಿತು. ಅತ್ಯಂತ ಹೆಚ್ಚು ಆಸರೆ ಬೇಕಾದ ಗಳಿಗೆಯಲ್ಲಿಯೇ ಕಾವಲು ಆಸರೆಯನ್ನು ತಡೆದುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

5. ಪರಂಪರೆಯ ಎರಡು ಮುಖಗಳು

ಈ ತಾಲ್ಲೂಕುಗಳಲ್ಲಿ ಪ್ರಭಾವಶಾಲಿಯಾಗಿರುವ ವೀರಶೈವ–ಲಿಂಗಾಯತ ಪರಂಪರೆಯಲ್ಲಿ ವ್ಯಕ್ತಿ ಮತ್ತು ಸಮುದಾಯಗಳ ನಡುವೆ ಸೂಕ್ಷ್ಮವಾದ ಹೊಂದಾಣಿಕೆ ಇದೆ. ಇಷ್ಟಲಿಂಗ ಅವರವರ ದೇಹದ ಮೇಲಿರುವುದು, ಅವರವರೇ ಪೂಜಿಸಬೇಕಾದುದು; ಆದರೆ ಅದನ್ನು ಕೊಡುವವನು ಗುರು. ವಚನಕಾರರಲ್ಲಿ ಒಬ್ಬೊಬ್ಬರಿಗೂ ಅವರದೇ ಅಂಕಿತವಿದೆ. ಆದರೆ ಆ ವಚನಗಳು ಶರಣರ ಗೋಷ್ಠಿಯ ಸಂವಾದದಲ್ಲಿ ರೂಪುಗೊಂಡವು ಎಂಬುದು ಪರಂಪರೆಯ ನಂಬಿಕೆ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ದಾಂಪತ್ಯವನ್ನೂ ಊರನ್ನೂ ತೊರೆದು ಕಲ್ಯಾಣಕ್ಕೆ ಬಂದಾಗ ಅಲ್ಲಮನು ಅವಳನ್ನು ಬಿರುಸಾಗಿ ಪ್ರಶ್ನಿಸುತ್ತಾನೆ, ಅವಳು ಉತ್ತರಿಸುತ್ತಾಳೆ, ಶರಣ ಸಮೂಹ ಅವಳನ್ನು ತನ್ನವಳೆಂದು ಒಪ್ಪುತ್ತದೆ ಎಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಪ್ರಶ್ನೆ ಕೇಳಿ ಉತ್ತರಕ್ಕೆ ಕಿವಿಗೊಡುವ ಸಮುದಾಯದ ಮಾದರಿ ಇದು.

ಈ ಭಾಗದಲ್ಲಿ ಅನೇಕ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿರುವ ಸಿರಿಗೆರೆ ಮಠದ 'ತರಳಬಾಳು' ಎಂಬ ಹೆಸರಿನಲ್ಲಿಯೇ ಮಗುವಿಗೆ ಸಲ್ಲುವ ಹರಕೆ ಇದೆ. ಮರುಳಸಿದ್ಧನು ಶಿಷ್ಯನನ್ನು 'ತರಳಾ, ಬಾಳು' ಎಂದು ಹರಸಿದನೆಂಬ ಐತಿಹ್ಯ ಅದರ ಮೂಲ. ಮಠಗಳ ಪ್ರಸಾದನಿಲಯಗಳೂ ಸರ್ಕಾರದ ವಿದ್ಯಾರ್ಥಿನಿಲಯಗಳೂ ರಕ್ತಸಂಬಂಧದ ಆಚೆಗೆ ಚಾಚಿದ ಪಾಲನೆಯ ರೂಪಗಳೇ. ಹಳ್ಳಿಯ ಬಡ ಹುಡುಗನು ಕುಟುಂಬದ ಕಸುಬಿನಿಂದ ಬಿಡಿಸಿಕೊಂಡು ತನ್ನದೇ ದಾರಿ ಹಿಡಿಯಲು ಸಾಧ್ಯವಾದದ್ದು ಇಂಥ ಸಾಮುದಾಯಿಕ ಅನ್ನದಿಂದ. ಇಲ್ಲಿ ಸಮುದಾಯವು ವ್ಯಕ್ತಿತ್ವಕ್ಕೆ ಎದುರಾಗಿರಲಿಲ್ಲ, ತಳಹದಿಯಾಗಿತ್ತು.

ಆಧುನಿಕ ಕನ್ನಡ ಸಾಹಿತ್ಯ ಮತ್ತೊಂದು ಮುಖವನ್ನು ಕಾಣಿಸಿತು. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿ ಸಮುದಾಯವು ಬದುಕಿರುವ ವಿಧವೆಯೊಬ್ಬಳಿಗೆ ಶ್ರಾದ್ಧ ಮಾಡಿ ಅವಳನ್ನು ಹೊರಹಾಕುತ್ತದೆ. ಅದನ್ನು ಕಾಣುವುದು ಪಾಠಶಾಲೆಯ ಬಾಲಕನ ಕಣ್ಣು. ನವ್ಯ ಸಾಹಿತ್ಯದ ವ್ಯಕ್ತಿನಿಷ್ಠತೆಯನ್ನು ಅನಂತರದ ದಲಿತ–ಬಂಡಾಯ ಸಾಹಿತ್ಯ ಕಟುವಾಗಿ ಟೀಕಿಸಿತು. ಆದರೆ ಅದು ಮುಂದಿಟ್ಟ ಸಮುದಾಯ ಜಾತಿಯ ಕಟ್ಟುಪಾಡಿನದಲ್ಲ, ನೊಂದವರ ಒಡನಾಟದ್ದು. ಆದ್ದರಿಂದ ಯಾವ ಸಮುದಾಯ ಎಂಬ ಪ್ರಶ್ನೆಯನ್ನು ಬಿಟ್ಟು ಸಮುದಾಯ ಬೇಕೇ ಬೇಡವೇ ಎಂದು ಕೇಳುವುದು ಅಪೂರ್ಣ.

6. ಆಸರೆ ಕಳಚಿ ಕಾವಲು ಉಳಿದಾಗ

ಮೇಲಿನ ವಿವರಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಸರೆಗೆ ಸಮಯ, ದುಡಿಮೆ, ಅನ್ನ ಬೇಕು. ಕಾವಲಿಗೆ ಕಣ್ಣು ಮತ್ತು ನಾಲಗೆ ಸಾಕು. ಹೊಲ ಪಾಲಾಗಿ, ಮುಯ್ಯಾಳಿನ ಪದ್ಧತಿ ಕೂಲಿಗೆ ತಿರುಗಿ, ಜನ ನಗರಗಳಿಗೆ ಹೊರಟಾಗ ಮೊದಲು ಸೊರಗುವುದು ಆಸರೆ. ನೆರೆಮನೆಯ ಮಗುವಿಗೆ ಉಣಬಡಿಸಲು ಪುರುಸೊತ್ತಿಲ್ಲದವರಿಗೂ ಆ ಮನೆಯ ಹುಡುಗಿ ಬಸ್‌ ನಿಲ್ದಾಣದಲ್ಲಿ ಯಾರೊಡನೆ ಮಾತನಾಡಿದಳೆಂದು ಗಮನಿಸಲು ಪುರುಸೊತ್ತಿರುತ್ತದೆ. ಮೊಬೈಲ್ ಫೋನ್ ಬಂದ ಮೇಲೆ ಈ ಸುದ್ದಿ ಮನೆ ಮುಟ್ಟಲು ಸಂಜೆಯವರೆಗೆ ಕಾಯಬೇಕಾಗಿಯೂ ಇಲ್ಲ.

ಇದರ ಭಾರ ಮಗುವಿನ ಮೇಲೆ ಎರಡು ಬಗೆಯಲ್ಲಿ ಬೀಳುತ್ತದೆ. ಪರೀಕ್ಷೆ, ಉದ್ಯೋಗಗಳ ವಿಷಯ ಬಂದಾಗ 'ಅವರವರ ತಲೆಗೆ ಅವರವರದೇ ಕೈ' ಎಂಬ ಗಾದೆಯಂತೆ ಮಗು ಒಬ್ಬಂಟಿ. ಸೋತರೆ ಸೋಲು ಅದರದೇ. ಮದುವೆ, ಉಡುಗೆ, ಗೆಳೆತನಗಳ ವಿಷಯ ಬಂದಾಗ 'ನಾಲ್ಕು ಜನ ಏನೆಂದಾರು' ಎಂಬ ಮಾತು ಮುಂದೆ ಬರುತ್ತದೆ. ವ್ಯಕ್ತಿವಾದದ ಒಂಟಿತನವೂ ಸಮುದಾಯದ ಅಂಕುಶವೂ ಒಂದೇ ಮಗುವಿನ ಮೇಲೆ ಕೂಡಿಬೀಳುತ್ತವೆ. ಸಂಶಯಕ್ಕೆ ಒಳಗಾದ ಹುಡುಗಿಯನ್ನು ಓದು ಬಿಡಿಸಿ ಬೇಗ ಮದುವೆ ಮಾಡಿಬಿಡುವುದು ಇದರ ಅತ್ಯಂತ ಅಪಾಯಕಾರಿಯಾದ ಪರಿಣಾಮ. ಬಾಲ್ಯವಿವಾಹ ನಿಷೇಧಕ್ಕೆ 2006ರ ಕೇಂದ್ರ ಕಾಯ್ದೆ ಇದೆ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಅಂಥ ವಿವಾಹಗಳು ಆರಂಭದಿಂದಲೇ ಅಸಿಂಧುವೆಂದು ಸಾರಿದೆ. ಆದರೆ ಕಾನೂನು ಮದುವೆಯನ್ನು ತಡೆದ ಮೇಲೆ ಆ ಹುಡುಗಿಯ ಊಟ, ಓದು, ಮರ್ಯಾದೆಗಳ ಹೊಣೆ ಹೊರುವವರು ಬೇಕು. ಆಗಲೂ ಬೇಕಾಗುವುದು ಆಸರೆಯೇ.

ಟರ್ಕಿಯ ಮನಶ್ಶಾಸ್ತ್ರಜ್ಞೆ ಚಿಡೆಮ್ ಕಾಯಿಟ್‌ಚಿಬಾಶಿ ಅವರ ಚಿಂತನೆ ಇಲ್ಲಿ ನೆರವಿಗೆ ಬರುತ್ತದೆ. ಶಿಕ್ಷಣ ಮತ್ತು ನಗರೀಕರಣಗಳಿಂದ ಕುಟುಂಬದಲ್ಲಿ ಆರ್ಥಿಕ ಅವಲಂಬನೆ ತಗ್ಗಿದರೂ ಭಾವನಾತ್ಮಕ ಅವಲಂಬನೆ ತಗ್ಗಬೇಕಿಲ್ಲವೆಂದು ಆಕೆ ವಾದಿಸಿದರು. ಸ್ವಂತ ನಿರ್ಧಾರದ ಶಕ್ತಿ ಮತ್ತು ಆಪ್ತ ಸಂಬಂಧ ಇವು ಒಂದಕ್ಕೊಂದು ವಿರುದ್ಧವಲ್ಲ. ಎರಡನ್ನೂ ಉಳ್ಳ ವ್ಯಕ್ತಿತ್ವ ಸಾಧ್ಯ ಮತ್ತು ಆರೋಗ್ಯಕರ ಎಂಬುದು ಅವರ ನಿಲುವು.

7. ಹಕ್ಕು ಮತ್ತು ಹೊಣೆ

ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿಯೂ ಈ ಸಮನ್ವಯದ ಯತ್ನವಿದೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನ್ನನ್ನು ಕುರಿತ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ನೀಡುತ್ತದೆ. ಅದೇ ಒಡಂಬಡಿಕೆಯ 5ನೆಯ ವಿಧಿ ವಿಸ್ತೃತ ಕುಟುಂಬ ಹಾಗೂ ಸಮುದಾಯದ ಪಾತ್ರವನ್ನು ಮನ್ನಿಸುತ್ತದೆ. ಆಫ್ರಿಕಾದ ರಾಷ್ಟ್ರಗಳು 1990ರಲ್ಲಿ ರೂಪಿಸಿಕೊಂಡ ಮಕ್ಕಳ ಸನ್ನದು ಇನ್ನೂ ಮುಂದೆ ಹೋಗಿ ಕುಟುಂಬ ಮತ್ತು ಸಮಾಜದ ಬಗ್ಗೆ ಮಗುವಿಗಿರುವ ಹೊಣೆಗಳನ್ನು ತನ್ನ 31ನೆಯ ವಿಧಿಯಲ್ಲಿ ಹೆಸರಿಸಿತು.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇವುಗಳಿಗೆ ಹತ್ತಿರವಾದ ಎರಡು ಪ್ರಯೋಗಗಳಿವೆ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಆರಂಭವಾದ 'ಕೂಸಿನ ಮನೆ' ಆಸರೆಯ ಹೊಸ ರೂಪ. ಹೊನ್ನಾಳಿಯ ಗದ್ದೆಯ ಬದುವಿನಲ್ಲಿ ತಮ್ಮನನ್ನು ಕಾಯುವ ಅಕ್ಕನನ್ನು ಶಾಲೆಗೆ ಕಳುಹಿಸ ಬಲ್ಲುದು ಇಂಥ ವ್ಯವಸ್ಥೆಯೇ. ಎರಡನೆಯದು ಮಕ್ಕಳ ಗ್ರಾಮಸಭೆ. ಅಲ್ಲಿ ಮಗು ಎದ್ದುನಿಂತು ಶಾಲೆಯ ಶೌಚಾಲಯದ ಬಗ್ಗೆ, ಬಸ್ಸಿನ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಕೇಳಬಹುದು. ಹಿರಿಯರ 'ನಾವು' ಎಂಬುದರೊಳಗೆ ತಾನೂ ಸೇರಿದ್ದೇನೆಂದು ಅದಕ್ಕೆ ತಿಳಿಯುವ ಸಂದರ್ಭ ಇದು. ಈ ಸಭೆಗಳು ಕಡತ ತುಂಬುವ ವಿಧಿಯಾಗಿ ಉಳಿಯುತ್ತವೆಯೋ, ಕೇಳಿದ್ದಕ್ಕೆ ಉತ್ತರ ಕೊಡುವ ವೇದಿಕೆಯಾಗುತ್ತವೆಯೋ ಎಂಬುದರ ಮೇಲೆ ಅವುಗಳ ಸಾರ್ಥಕ್ಯ ನಿಂತಿದೆ.

8. ಸಮಾರೋಪ

ಒಟ್ಟಾರೆ ಹೇಳುವುದಾದರೆ, ಮಕ್ಕಳ ಪಾಲನೆಯಲ್ಲಿ ವ್ಯಕ್ತಿವಾದ ಮತ್ತು ಸಮುದಾಯನಿಷ್ಠೆಗಳು ಎರಡು ಭೂಖಂಡಗಳ ಹೆಸರುಗಳಲ್ಲ. ಚನ್ನಗಿರಿಯ ತೋಟ, ಹೊನ್ನಾಳಿಯ ಗದ್ದೆ, ನ್ಯಾಮತಿಯ ತಾಂಡಾ, ಜಗಳೂರಿನ ಹಟ್ಟಿ ಇವೆಲ್ಲವುಗಳಲ್ಲಿ ಅವು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿವೆ. ಕೂಡುಕುಟುಂಬವನ್ನು ಮರಳಿ ತರಬೇಕೆಂಬ ಹಂಬಲ ಈ ಸಮಸ್ಯೆಗೆ ಪರಿಹಾರವಾಗಲಾರದು. ಹಿಂದೆ ಅದರ ಭಾರವನ್ನು ಹೊತ್ತ ಅಕ್ಕಂದಿರು ಈಗ ಶಾಲೆಯಲ್ಲಿರಬೇಕು. ಮಗುವನ್ನು ಅದರ ಪಾಡಿಗೆ ಬಿಡುವುದೂ ಪರಿಹಾರವಲ್ಲ. ಪಾಲನೆಯ ದುಡಿಮೆಯನ್ನು ಊರೇ ಹಂಚಿಕೊಳ್ಳುವ, ಆದರೆ ನಿರ್ಧಾರದಲ್ಲಿ ಮಗುವಿನ ಮಾತಿಗೂ ಕಿವಿಗೊಡುವ ಬಗೆಯನ್ನು ಕಂಡುಕೊಳ್ಳಬೇಕಾಗಿದೆ. 'ಯಾರ ಮಗನೋ ನೀನು?' ಎಂದು ಕೇಳುವ ಹಿರಿಯರು ಅರಳಿಕಟ್ಟೆಯಲ್ಲಿ ಇರಲಿ. ಆ ಪ್ರಶ್ನೆಯ ಬೆನ್ನಲ್ಲೇ 'ನಿನಗೇನು ಬೇಕು?' ಎಂದೂ ಅವರು ಕೇಳುವಂತಾದರೆ ಆ ಕಾವಲು ಮಗುವಿಗೆ ಭಾರವಾಗದು.